ಪಿಗ್ಮಿ ಶುರುವಾದದ್ದು ಎಲ್ಲಿ?

ಪ್ರಶ್ನೆ: ಅಂಗಡಿಗೇ ಬಂದು ಪಿಗ್ಮಿ ಕಟ್ಟಿಸಿಕೊಳ್ಳುವ ಪದ್ಧತಿ ಎಲ್ಲಿಂದ ಬಂತು? ಬ್ಯಾಂಕಿನ ಶಾಖೆ ಹತ್ತಿರವೇ ಇದ್ದರೂ ಅದು ಏಕೆ ಬೇಕು?

ಉತ್ತರ: ಉಡುಪಿಯಿಂದ. ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ 1925ರಲ್ಲಿ ಅಲ್ಲಿ ಒಂದು ಬ್ಯಾಂಕ್ ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಉಡುಪಿಯ ಆ ಬ್ಯಾಂಕಿನಲ್ಲಿ ಪಿಗ್ಮಿ ಠೇವಣಿ ಬಂದದ್ದು 1928ರಲ್ಲಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೇ ಬರುತ್ತಿದ್ದ.

ಶಾಖೆ ಹತ್ತಿರವಿದ್ದ ಮಾತ್ರಕ್ಕೆ ಕೈಗೆಟುಕುತ್ತದೆಯೇ? ಬ್ಯಾಂಕಿನ ಕೌಂಟರ್ ತೆರೆದಿರುವ ಹೊತ್ತಿಗೇ ಹೂವಿನವಳ ವ್ಯಾಪಾರವೂ ನಡೆಯುತ್ತಿರುತ್ತದೆ. ಬುಟ್ಟಿ ಬಿಟ್ಟು ಹೋಗಿ ಐವತ್ತು ರೂಪಾಯಿಗೆ ಚಲನ್ ಬರೆದು ಸಾಲಿನಲ್ಲಿ ನಿಂತರೆ ಆ ಹೊತ್ತಿನ ಗಿರಾಕಿ ಕೈತಪ್ಪಿದಂತೆಯೇ. ಸಂಜೆಯವರೆಗೆ ಉಳಿದ ಹಣವೋ, ಮನೆಖರ್ಚಿಗೆ ಕರಗಿಹೋಗುತ್ತದೆ. ಏಜೆಂಟ್ ಅವಳ ಬುಟ್ಟಿಯ ಪಕ್ಕದಲ್ಲೇ ನಿಂತು ಹಣ ಎಣಿಸಿ, ಕೈಯಲ್ಲಿರುವ ಪುಟ್ಟ ಯಂತ್ರದಿಂದ ಚೀಟಿ ಹರಿದು ಕೊಡುತ್ತಾನೆ. ಅವನ ಸಂಪಾದನೆ ಸಂಗ್ರಹದ ಮೇಲಿನ ಕಮಿಷನ್. ಹಾಗಾಗಿ ಪಿಗ್ಮಿಗೆ ಬಡ್ಡಿ ಕಡಿಮೆ. ಅವಧಿಗೆ ಮೊದಲೇ ಮುರಿಸಿದರೆ ಇನ್ನೂ ಕಡಿಮೆ. ಆದರೂ ದಿನಗೂಲಿಯವರಿಗೆ ಇದಕ್ಕಿಂತ ಹೊಂದುವ ಉಳಿತಾಯ ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ. ಕಟ್ಟಿದ ಹಣದ ಆಧಾರದ ಮೇಲೆ ಸಾಲವೂ ಸಿಗುತ್ತದೆ. ಅಂಗಡಿಗೆ ಸರಕು ತುಂಬಲು, ಮಕ್ಕಳ ಶಾಲೆ ಫೀಸಿಗೆ ಎಷ್ಟೋ ಮಂದಿ ನೆಚ್ಚಿಕೊಂಡಿರುವುದು ಇದನ್ನೇ.

ಒಂದು ಎಚ್ಚರಿಕೆ: ಏಜೆಂಟ್ ಎಷ್ಟೇ ಪರಿಚಿತನಾಗಿರಲಿ, ಚೀಟಿ ಪಡೆಯದೆ ಹಣ ಕೊಡಬೇಡಿ. ತಿಂಗಳಿಗೊಮ್ಮೆ ಶಾಖೆಗೇ ಹೋಗಿ ಖಾತೆಯ ಮೊತ್ತ ತಾಳೆ ನೋಡಿ.