ರೈಲು ಏಕೆ ತಡವಾಗುತ್ತದೆ?

ಪಾಂಡವಪುರದಿಂದ ಮೈಸೂರಿನ ಕಾಲೇಜಿಗೆ ರೈಲು ಪಾಸಿನಲ್ಲಿ ಓಡಾಡುವ ವಿದ್ಯಾರ್ಥಿ ಮಿತ್ರರೇ, ಮೊದಲ ಪಿರಿಯಡ್ಡು ತಪ್ಪಿದ ದಿನ ನೀವು ಬೈಯುವುದು ನಿಮ್ಮ ರೈಲನ್ನು. ಅದನ್ನು ತಡೆದದ್ದು ಬೇರೆಯೇ ರೈಲಾಗಿರಬಹುದು.

ಒಂಟಿ ಹಳಿಯ ಮಾರ್ಗದಲ್ಲಿ ಎದುರು ಬರುವ ರೈಲು ನಿಲ್ದಾಣ ಸೇರುವವರೆಗೆ ನಿಮ್ಮದು ಪಕ್ಕದ ಹಳಿಯಲ್ಲಿ ಕಾಯಬೇಕು. ಇದೇ ‘ಕ್ರಾಸಿಂಗ್’. ಅದು ಇಪ್ಪತ್ತು ನಿಮಿಷ ತಡವಾದರೆ ನಿಮ್ಮದೂ ತಡ. ಮುಂದೆಲ್ಲೋ ನಿಮ್ಮ ರೈಲಿಗಾಗಿ ಕಾದು ನಿಂತಿರುವುದೂ ತಡ.

1882ರಲ್ಲಿ ಮೈಸೂರು ಮುಟ್ಟಿದ ಬೆಂಗಳೂರು ಮಾರ್ಗಕ್ಕೆ ಎರಡನೆಯ ಹಳಿ ಹಾಕುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಚರಿತ್ರೆಯ ಕಟ್ಟಡ, ಕೆಡವುವ ಹಾಗಿಲ್ಲ. ಕೆಲಸ ವರ್ಷಗಟ್ಟಲೆ ನಿಂತಿತು. ಕೊನೆಗೆ 2017ರ ಮಾರ್ಚಿನಲ್ಲಿ ಇಡೀ ಕಟ್ಟಡವನ್ನೇ ಜಾಕ್‌ಗಳಿಂದ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಸುಲ್ತಾನನ ಮದ್ದು ಶತ್ರುಗಳಿಗಿಂತ ರೈಲನ್ನೇ ಹೆಚ್ಚು ಕಾಲ ತಡೆಯಿತೆನ್ನಬೇಕು!

ಜೋಡಿ ಹಳಿ ಬಂದು ಕ್ರಾಸಿಂಗಿನ ಕಾಟ ತಪ್ಪಿತು; ನೂಕುನುಗ್ಗಲು ತಪ್ಪಲಿಲ್ಲ. ಸಾಮಾನ್ಯ ಬೋಗಿಯಲ್ಲಿ ಆಸನಗಳು ಸುಮಾರು 90. ಜನರಲ್ ಟಿಕೆಟಿಗೆ, ಪಾಸಿಗೆ ಅಂಥ ಮಿತಿಯಿಲ್ಲ. ಕಚೇರಿ, ಕಾಲೇಜು ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೆರೆಯುವುದರಿಂದ ಎಲ್ಲರಿಗೂ ಅದೇ ಗಾಡಿ ಬೇಕು. ಬಾಗಿಲಲ್ಲೇ ಜನ ನಿಂತರೆ ಇಳಿಯಲು, ಹತ್ತಲು ಹೊತ್ತು ಹಿಡಿಯುತ್ತದೆ. ಒಂದು ನಿಮಿಷದ ನಿಲುಗಡೆ ಮೂರಾಗುತ್ತದೆ, ಹಿಂದಿನ ರೈಲಿಗೆ ಸಿಗ್ನಲ್ ಸಿಗುವುದಿಲ್ಲ. ಹೀಗೆ ನೂಕುನುಗ್ಗಲೂ ತಡಕ್ಕೆ ಕಾರಣವೇ.

ಇತ್ತ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಗಳಲ್ಲಿ ರೈಲು ಹತ್ತುವವರಿಗೆ ಮೈಸೂರು–ಅರಸೀಕೆರೆ ಮಾರ್ಗದ ಒಂಟಿ ಹಳಿಯೇ ಗತಿ. ಕ್ರಾಸಿಂಗಿಗೆ ಕಾಯುವುದು ಅವರಿಗೆ ಇಂದಿಗೂ ತಪ್ಪಿಲ್ಲ.