ಪರದೆಯ ಮೂಲೆಯಲ್ಲೊಂದು ಮುಖ

1970ರ ಜೂನ್ 30ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಮೇಯರ್ ಪೀಟ್ ಫ್ಲಾಹರ್ಟಿ, ಅದೇ ಊರಿನ ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಅಧ್ಯಕ್ಷ ಜಾನ್ ಹಾರ್ಪರ್ ಅವರಿಗೆ ಫೋನ್ ಮಾಡಿದರು. ಫೋನಿಗೆ ಅಂಟಿದಂತೆ ಪುಟ್ಟ ಪರದೆ, ಅದರಲ್ಲಿ ಎದುರಿನವರ ಕಪ್ಪು-ಬಿಳುಪು ಮುಖ. ಎಟಿ ಅಂಡ್ ಟಿ ಕಂಪನಿಯ ‘ಪಿಕ್ಚರ್‌ಫೋನ್’ ಹೀಗೆ ಮಾರುಕಟ್ಟೆಗೆ ಬಂತು. ತಿಂಗಳ ಬಾಡಿಗೆ 160 ಡಾಲರ್. ಅರ್ಧ ಗಂಟೆಯ ಮಾತು ಅದರಲ್ಲೇ ಸೇರಿತ್ತು, ಮಿಕ್ಕಿದ್ದಕ್ಕೆ ನಿಮಿಷದ ಲೆಕ್ಕ. 1980ರೊಳಗೆ ಹತ್ತು ಲಕ್ಷ ಯಂತ್ರಗಳು ಮೇಜುಗಳ ಮೇಲೆ ಕೂತಿರುತ್ತವೆ ಎಂದು ಕಂಪನಿ ಎಣಿಸಿತ್ತು. ಕೆಲವೇ ವರ್ಷಗಳಲ್ಲಿ ಅಂಗಡಿ ಮುಚ್ಚುವ ಹಾಗಾಯಿತು.

ದುಬಾರಿಯಾದದ್ದರಿಂದ ಸೋತಿತು ಎನ್ನುವುದು ರೂಢಿಯ ವಿವರಣೆ. ಅದು ನಿಜವೇ. ಆದರೆ ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಆ ಯಂತ್ರ ಮುಖವನ್ನು ಚೆನ್ನಾಗಿ ತೋರಿಸುತ್ತಿತ್ತು. ಬೆರಳಚ್ಚು ಮಾಡಿದ ಇಡೀ ಪುಟ ಹಿಡಿದರೆ ಅಕ್ಷರ ಓದಲು ಬರುತ್ತಿರಲಿಲ್ಲ. ಆಫೀಸಿನ ಮಾತುಕತೆ ನಡೆಯುವುದೇ ಒಂದು ಪಟ್ಟಿ, ಒಂದು ನಕ್ಷೆ, ಒಂದು ಬಿಲ್ಲಿನ ಸುತ್ತ. ಅದನ್ನೇ ನೋಡಲಾಗದಿದ್ದರೆ ಸಾಹೇಬರ ಮುಖ ನೋಡಿ ಆಗಬೇಕಾದ್ದೇನು?

ಸೋಜಿಗವೆಂದರೆ, ಇದಕ್ಕೆ ಉತ್ತರ ಅದಾಗಲೇ ಸಿದ್ಧವಾಗಿತ್ತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸುಮಾರು ಸಾವಿರ ಕಂಪ್ಯೂಟರ್ ತಜ್ಞರ ಮುಂದೆ ಡಗ್ಲಾಸ್ ಎಂಗಲ್‌ಬಾರ್ಟ್ ತೊಂಬತ್ತು ನಿಮಿಷಗಳ ಪ್ರಾತ್ಯಕ್ಷಿಕೆ ಕೊಟ್ಟರು. ಅವತ್ತು ಅವರ ಕೈಯಲ್ಲಿದ್ದ ಪುಟ್ಟ ಡಬ್ಬಿ ಮುಂದೆ ‘ಮೌಸ್’ ಎಂದು ಜಗತ್ತನ್ನೆಲ್ಲ ಸುತ್ತಿತು, ಆದ್ದರಿಂದ ಉಳಿದದ್ದು ಮರೆವಿಗೆ ಸರಿಯಿತು. ಉಳಿದದ್ದೇ ನಮ್ಮ ಕಥೆಗೆ ಬೇಕಾದ್ದು. ಐವತ್ತು ಕಿಲೋಮೀಟರ್ ಆಚೆಯ ಮೆನ್ಲೊ ಪಾರ್ಕ್‌ನಲ್ಲಿ ಕೂತಿದ್ದ ಸಹೋದ್ಯೋಗಿ ಬಿಲ್ ಪ್ಯಾಕ್ಸ್‌ಟನ್ ಅವರ ಮುಖ ಪರದೆಯ ಒಂದು ಮೂಲೆಯಲ್ಲಿ ಮೂಡಿತು. ಪರದೆಯ ಮಿಕ್ಕ ಜಾಗವೆಲ್ಲ ಅವರಿಬ್ಬರೂ ಕೆಲಸ ಮಾಡುತ್ತಿದ್ದ ಬರಹಕ್ಕೆ. ಇಬ್ಬರ ಸೂಚಕಗಳೂ ಒಂದೇ ಹಾಳೆಯ ಮೇಲೆ ಓಡಾಡಿದವು. ಆದರೆ ಪ್ಯಾಕ್ಸ್‌ಟನ್ ಅವರದಕ್ಕೆ ತೋರಿಸುವ ಶಕ್ತಿ ಮಾತ್ರ. ತಿದ್ದುವ ಹಕ್ಕನ್ನು ಎಂಗಲ್‌ಬಾರ್ಟ್ ತಮ್ಮ ಬಳಿಯೇ ಇಟ್ಟುಕೊಂಡಿದ್ದರು, ಅದನ್ನು ನಗುತ್ತಲೇ ಹೇಳಿಯೂ ಬಿಟ್ಟರು.

ನಡುವೆ ಹಾಳೆ, ಮೂಲೆಯಲ್ಲಿ ಮುಖ. ಈ ಅಳತೆಯನ್ನು ಉದ್ಯಮ ದಶಕಗಳ ಕಾಲ ತಲೆಕೆಳಗು ಮಾಡಿಕೊಂಡು ಓಡಾಡಿತು.

ಮನೆಯಿಂದ ಕೆಲಸ ಎನ್ನುವ ಯೋಚನೆ ಹುಟ್ಟಿದ್ದು ಬೇರೆ ದಾರಿಯಲ್ಲಿ, ಲಾಸ್ ಏಂಜಲೀಸ್‌ನ ವಾಹನ ದಟ್ಟಣೆಯಲ್ಲಿ. 1973ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದ ಜ್ಯಾಕ್ ನಿಲ್ಸ್, ನೌಕರರನ್ನು ಕೆಲಸದ ಬಳಿಗೆ ಸಾಗಿಸುವ ಬದಲು ಕೆಲಸವನ್ನೇ ಅವರ ಬಳಿಗೆ ಕಳಿಸಿದರೆ ಹೇಗೆ ಎಂದು ಒಂದು ವಿಮಾ ಕಂಪನಿಯ ಜೊತೆ ಪ್ರಯೋಗಕ್ಕಿಳಿದರು. ಅದೇ ವರ್ಷ ತೈಲ ಬಿಕ್ಕಟ್ಟು ಬಂದದ್ದು ಅವರ ವಾದಕ್ಕೆ ಬಲ ಕೊಟ್ಟಿತು. ಗಮನಿಸಿ, ನಿಲ್ಸ್ ಅವರಿಗೂ ಮುಖ ಮುಖ್ಯವಾಗಿರಲಿಲ್ಲ. ಉಳಿಯಬೇಕಾದದ್ದು ಪೆಟ್ರೋಲು, ಸಮಯ.

ಮುಖ ಮುಖ್ಯವಲ್ಲ ಎನ್ನುವ ಮಾತಿಗೆ ಕರ್ನಾಟಕದ ಅನುಭವ ಇನ್ನೂ ಒಳ್ಳೆಯ ಸಾಕ್ಷಿ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯಿತಿ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿ ಕೊಟ್ಟಿತು. ಚಿತ್ರ ಹೋಗುತ್ತಿದ್ದುದು ಒಂದೇ ಕಡೆಗೆ, ಮೈಸೂರಿನಿಂದ ತಾಲ್ಲೂಕುಗಳಿಗೆ. ದನಿಗೆ ಮಾತ್ರ ಎರಡೂ ಕಡೆ ದಾರಿ. ಟಿವಿ ಮುಂದೆ ಕೂತ ಸದಸ್ಯೆಯೊಬ್ಬರು ಅನುದಾನದ ಬಗ್ಗೆ ಪ್ರಶ್ನೆ ಕೇಳಿದರೆ ಅವರ ಮುಖ ಸ್ಟುಡಿಯೊದವರಿಗೆ ಕಾಣದು, ಪ್ರಶ್ನೆ ಕೇಳುತ್ತದೆ. ಅಷ್ಟು ಸಾಕಿತ್ತು. 2002ರ ಸುಮಾರಿಗೆ ಇಸ್ರೊ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಅಲ್ಲಿ ವಿಡಿಯೊ ಎರಡೂ ಕಡೆಗಿತ್ತು. ಆದರೂ ಹೃದ್ರೋಗ ತಜ್ಞರ ಕಣ್ಣು ಮೊದಲು ಹುಡುಕುವುದು ಇಸಿಜಿ ಹಾಳೆಯನ್ನು.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಂತೂ ‘ಹೈಬ್ರಿಡ್’ ಎನ್ನುವ ಹೆಸರು ಬರುವ ಮುಂಚಿನಿಂದ ಅದನ್ನೇ ಬದುಕಿವೆ. ಮೇಜಿನ ನಡುವೆ ಮೂರು ಕಾಲು ಚಾಚಿ ಕೂತ ಪಾಲಿಕಾಮ್ ಸ್ಪೀಕರ್‌ಫೋನ್, ಅದರ ಸುತ್ತ ಏಳೆಂಟು ಜನ, ಆ ಕಡೆ ಅಮೆರಿಕದ ಕ್ಲೈಂಟ್. ಅವರಿಗೆ ಬೆಳಗಿನ ಕಾಫಿ, ಇವರಿಗೆ ಕಂಪನಿ ಬಸ್ ತಪ್ಪುವ ಹೊತ್ತು. ಮ್ಯೂಟ್ ಒತ್ತಿ ಕನ್ನಡದಲ್ಲೋ ತೆಲುಗಿನಲ್ಲೋ ಗುಸುಗುಸು ಮಾಡಿಕೊಂಡು, ಮತ್ತೆ ಮ್ಯೂಟ್ ತೆಗೆದು ಇಂಗ್ಲಿಷಿನಲ್ಲಿ ಭರವಸೆ ಕೊಡುವ ಕಲೆ ಅಲ್ಲೇ ಬೆಳೆದದ್ದು. ಕಾಲ್ ಸೆಂಟರ್‌ಗಳಿಗೆ ಮಾತ್ರ ಮನೆಯಿಂದ ಕೆಲಸ ಮಾಡಿಸಲು ದೂರಸಂಪರ್ಕ ಇಲಾಖೆಯ ಕಟ್ಟುಪಾಡುಗಳು ಅಡ್ಡವಿದ್ದವು. ಅವು 2020ರ ಮಾರ್ಚ್‌ನಲ್ಲಿ ಸಡಿಲಗೊಂಡು, ನವೆಂಬರ್ ಹೊತ್ತಿಗೆ ಬಹುಪಾಲು ಹೋದವು.

ಕೋವಿಡ್‌ನ ಆ ಮಾರ್ಚ್ ಬಂದಾಗ ಸಿದ್ಧವಾಗಿ ನಿಂತಿದ್ದದ್ದು ಜೂಮ್. ಆನ್‌ಲೈನ್ ಸಭೆಗಳ ವೆಬೆಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಎರಿಕ್ ಯುವಾನ್ 2011ರಲ್ಲಿ ಹೊರಬಂದು ಕಟ್ಟಿದ ಕಂಪನಿ ಅದು. 2019ರ ಡಿಸೆಂಬರ್‌ನಲ್ಲಿ ದಿನಕ್ಕೆ ಒಂದು ಕೋಟಿಯಷ್ಟಿದ್ದ ಸಭಾ ಹಾಜರಾತಿ ಏಪ್ರಿಲ್‌ನಲ್ಲಿ ಮೂವತ್ತು ಕೋಟಿಗೆ ಏರಿತು. ಪಿಕ್ಚರ್‌ಫೋನಿನ ಕನಸು ಕೊನೆಗೂ ಕೈಗೂಡಿತು, ಅದರ ಜೊತೆಗೇ ಸುಸ್ತೂ ಬಂತು. 2021ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ ಅದರ ಕಾರಣಗಳನ್ನು ಬಿಡಿಸಿಟ್ಟರು: ಇಷ್ಟೊಂದು ಕಣ್ಣುಗಳು ಇಷ್ಟು ಹತ್ತಿರದಿಂದ ನಮ್ಮನ್ನೇ ನೋಡುತ್ತಿರುವುದು, ನಮ್ಮ ಮುಖವನ್ನು ನಾವೇ ದಿನವಿಡೀ ನೋಡಿಕೊಳ್ಳುವುದು, ಕದಲದೆ ಕೂರಬೇಕಾದದ್ದು, ತಲೆಯಾಡಿಸುವುದನ್ನೂ ದೊಡ್ಡದಾಗಿ ಮಾಡಿ ತೋರಿಸಬೇಕಾದದ್ದು. ಇವುಗಳ ಜೊತೆ ಕಾಲದ ಲೆಕ್ಕವನ್ನೂ ಸೇರಿಸಬೇಕು. ಎದುರುಬದುರು ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸೆಕೆಂಡಿನ ಐದನೇ ಒಂದು ಭಾಗದಷ್ಟು. ಜಾಲದ ವಿಳಂಬವೇ ಅದನ್ನು ನುಂಗಿಹಾಕಿದರೆ ‘ನೀವು ಹೇಳಿ’, ‘ಇಲ್ಲ ಸಾರ್, ನೀವೇ ಹೇಳಿ’ ಎನ್ನುವ ಉಪಚಾರ ಮುಗಿಯುವುದೇ ಇಲ್ಲ.

ಆಮೇಲಿನದು ಹಗ್ಗಜಗ್ಗಾಟ. 2025ಕ್ಕೆ ಕಾಲು ಭಾಗ ನೌಕರರು ಮಾತ್ರ ಒಮ್ಮೆಗೆ ಕಚೇರಿಯಲ್ಲಿದ್ದರೆ ಸಾಕು ಎಂದಿದ್ದ ಟಿಸಿಎಸ್, 2023ರಲ್ಲಿ ಎಲ್ಲರನ್ನೂ ಐದೂ ದಿನ ಬನ್ನಿ ಎಂದಿತು. ಅದೇ ವರ್ಷ ಜೂಮ್ ಕೂಡ ಐವತ್ತು ಮೈಲಿಯೊಳಗಿನ ತನ್ನ ನೌಕರರಿಗೆ ವಾರಕ್ಕೆರಡು ದಿನ ಕಚೇರಿಗೆ ಬರಲು ಹೇಳಿತು! ಗದ್ದಲದ ನಡುವೆ ಒಂದು ಗಟ್ಟಿ ಪುರಾವೆ ಬಂದದ್ದು 2024ರಲ್ಲಿ, ‘ನೇಚರ್’ ಪತ್ರಿಕೆಯಲ್ಲಿ. ಚೀನಾದ ಟ್ರಿಪ್ ಡಾಟ್ ಕಾಮ್‌ನ 1,612 ಉದ್ಯೋಗಿಗಳ ಮೇಲೆ ನಿಕೋಲಸ್ ಬ್ಲೂಮ್ ತಂಡ ನಡೆಸಿದ ಪ್ರಯೋಗದಲ್ಲಿ, ವಾರಕ್ಕೆರಡು ದಿನ ಮನೆಯಲ್ಲಿದ್ದವರಲ್ಲಿ ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. ಬಡ್ತಿಗೇನೂ ಪೆಟ್ಟಾಗಲಿಲ್ಲ.

ಹಾಗಾಗಿ ಎರಡು-ಮೂರು ದಿನದ ಪದ್ಧತಿ ಉಳಿಯುತ್ತದೆ ಎಂದೇ ನನ್ನ ಅಂದಾಜು. ಉಳಿದರೆ ಕಷ್ಟವಿರುವುದು ಅರ್ಧ ಜನ ಕೋಣೆಯಲ್ಲಿ, ಅರ್ಧ ಜನ ಗೋಡೆಯ ಪರದೆಯಲ್ಲಿರುವ ಸಭೆಯಲ್ಲಿ. ಪರದೆಯಲ್ಲಿರುವವರು ಪಂಕ್ತಿ ಸಿಗದೆ ಬಾಗಿಲಲ್ಲಿ ನಿಂತ ನೆಂಟರು: ನಗು ಕೇಳುತ್ತದೆ, ಜೋಕು ಕೇಳುವುದಿಲ್ಲ; ಬೋರ್ಡಿನ ಮೇಲೆ ಬರೆಯುವವರ ಬೆನ್ನು ಮಾತ್ರ ಕಾಣುತ್ತದೆ. ಇನ್ನು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆ ದಾಟಿ ಕಚೇರಿ ತಲುಪಿ, ಹೆಡ್‌ಸೆಟ್ ಏರಿಸಿ, ಪುಣೆಯ ತಂಡದೊಂದಿಗೆ ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಮಾತಾಡಿ ವಾಪಸಾಗುವವರ ಪಾಡು ಬೇರೆಯೇ.

ಇದಕ್ಕೆ ಗೂಗಲ್ ಕಂಡುಕೊಂಡ ಪರಿಹಾರ ಮತ್ತೆ ಮುಖವೇ. 2021ರಲ್ಲಿ ತೋರಿಸಿದ ಸ್ಟಾರ್‌ಲೈನ್, ಈಗ ಬೀಮ್ ಎಂಬ ಹೆಸರಿನಲ್ಲಿ, ಎದುರಿನವರನ್ನು ಕನ್ನಡಕವಿಲ್ಲದೆ ಮೂರು ಆಯಾಮದಲ್ಲಿ ಕೂರಿಸುತ್ತದೆ. ಎಚ್‌ಪಿ ತಯಾರಿಸಿದ ಯಂತ್ರಕ್ಕೆ 24,999 ಡಾಲರ್. ನನಗೇನೋ ಇನ್ನೊಂದು ದಾರಿ ಹೆಚ್ಚು ದೂರ ಹೋಗುವಂತೆ ತೋರುತ್ತದೆ. 2004ರಲ್ಲಿ ಜೆಫ್ ಬೆಜೋಸ್ ಅಮೆಜಾನ್‌ನ ಹಿರಿಯರ ಸಭೆಗಳಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿದರು. ಆರು ಪುಟ ಮೀರದ ಟಿಪ್ಪಣಿಯನ್ನು ಎಲ್ಲರೂ ಮೊದಲು ಸುಮ್ಮನೆ ಕೂತು ಓದುವುದು, ಆಮೇಲೆ ಮಾತು. ಕಚೇರಿಯೇ ಇಲ್ಲದೆ ಬೆಳೆದ ಸಾಫ್ಟ್‌ವೇರ್ ಕಂಪನಿ ಗಿಟ್‌ಲ್ಯಾಬ್ ತನ್ನ ಕೆಲಸದ ಕೈಪಿಡಿಯನ್ನು ಸಾರ್ವಜನಿಕವಾಗಿಯೇ ಬರೆದಿಟ್ಟಿದೆ. ಓದುವಾಗ ಕೋಣೆಯವರಿಗೂ ಪರದೆಯವರಿಗೂ ಒಂದೇ ಹಾಳೆ, ಒಂದೇ ದೂರ.

ಈಗ ಆ ಹಾಳೆಯನ್ನು ಯಂತ್ರವೇ ಬರೆಯತೊಡಗಿದೆ. ಟೀಮ್ಸ್, ಜೂಮ್ ಎರಡರಲ್ಲೂ ಮಾತನ್ನೆಲ್ಲ ಕೇಳಿ ಸಾರಾಂಶ ತೆಗೆದು, ಯಾರು ಏನು ಮಾಡಬೇಕೆಂದು ಪಟ್ಟಿ ಕೊಡುವ ಎಐ ಇದೆ. ಮುಂದೊಂದು ದಿನ ನಮ್ಮ ‘ಡಿಜಿಟಲ್ ಅವಳಿ’ಯೇ ನಮ್ಮ ಪರವಾಗಿ ಸಭೆಗೆ ಹೋಗುತ್ತದೆ ಎಂದು ಯುವಾನ್ 2024ರಲ್ಲಿ ಹೇಳಿದ್ದಾರೆ. ಅವಳಿಯ ಮಾತು ಹಾಗಿರಲಿ, ಸಾರಾಂಶವಂತೂ ಇವತ್ತಿನದೇ ವಿಷಯ. ಅದರಲ್ಲಿ ‘ಎಲ್ಲರೂ ಒಪ್ಪಿದರು’ ಎಂದಿದ್ದು, ನಿಜಕ್ಕೂ ಇಬ್ಬರು ಸುಮ್ಮನಿದ್ದದ್ದಷ್ಟೇ ಆದರೆ, ಆ ಸಾಲನ್ನು ತಿದ್ದುವ ಹಕ್ಕು ಸಭೆ ಕರೆದವರಿಗೆ ಮಾತ್ರವೋ, ಸುಮ್ಮನಿದ್ದ ಆ ಇಬ್ಬರಿಗೂ ಉಂಟೋ?