ಕೇಳಿದರೆ ಸಾಕೇ, ನೋಡುವುದು ಬೇಡವೇ?

ತಪ್ಪು ಕಲ್ಪನೆ: ಬಳಕೆದಾರರ ಅಧ್ಯಯನವೆಂದರೆ ಏನು ಬೇಕೆಂದು ಜನರನ್ನು ಕೇಳುವುದು.

ಸತ್ಯ: ಕೇಳಿದ್ದರೆ ಜನ ಇನ್ನೂ ಜೋರಾಗಿ ಓಡುವ ಕುದುರೆ ಬೇಕೆನ್ನುತ್ತಿದ್ದರು ಎಂದು ಹೆನ್ರಿ ಫೋರ್ಡ್ ಹೇಳಿದನಂತೆ. ಅಧ್ಯಯನ ಬೇಡವೆನ್ನುವವರಿಗೆ ಈ ಮಾತು ಬಲು ಪ್ರಿಯ. ಆದರೆ ಆತ ಹಾಗೆಂದ ದಾಖಲೆಯಿಲ್ಲ. ಬರೀ ಕೇಳಿ ಕೆಟ್ಟವರೂ ಇದ್ದಾರೆನ್ನಿ. ಕೋಕಾಕೋಲಾ ಸುಮಾರು 2 ಲಕ್ಷ ಜನರಿಗೆ ಹೊಸ ರುಚಿ ತೋರಿಸಿ, ಮೆಚ್ಚುಗೆ ಪಡೆದೇ 1985ರ ಏಪ್ರಿಲ್‌ನಲ್ಲಿ ಅದನ್ನು ಮಾರಾಟಕ್ಕಿಟ್ಟಿತು. ಜುಲೈನಲ್ಲಿ ಹಳೆಯದನ್ನು ವಾಪಸ್ ತರಬೇಕಾಯಿತು. ಒಂದು ಗುಟುಕಿನ ರುಚಿ ಗೊತ್ತಾಗಿತ್ತು, ಹಳೆಯದರ ಮೇಲಿನ ಮೋಹ ಗೊತ್ತಾಗಿರಲಿಲ್ಲ.

ತಪ್ಪು ಕಲ್ಪನೆ: ಬಳಸಲು ಬಾರದಿದ್ದರೆ ಅದು ಬಳಸುವವರ ದಡ್ಡತನ.

ಸತ್ಯ: 1980ರ ದಶಕದ ಆರಂಭದಲ್ಲಿ ಜೆರಾಕ್ಸ್ ಕಂಪನಿಯ ದೊಡ್ಡ ನಕಲು ಯಂತ್ರವೊಂದರ ಮೇಲೆ ದೂರುಗಳು ಬಂದವು. ಹಸಿರು ಗುಂಡಿ ಒತ್ತಿದರೆ ಮುಗಿಯಿತೆಂಬುದು ಜಾಹೀರಾತು. ಕಂಪನಿಯದೇ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್, ಯಂತ್ರದ ಮುಂದೆ ಜನರನ್ನು ಇಬ್ಬಿಬ್ಬರಾಗಿ ನಿಲ್ಲಿಸಿ ವಿಡಿಯೊ ಮಾಡಿಕೊಂಡರು. ಇಬ್ಬರಿದ್ದರೆ ತಲೆಯಲ್ಲಿರುವ ಗೊಂದಲ ಮಾತಾಗಿ ಹೊರಬರುತ್ತದಲ್ಲ! ಎರಡೂ ಬದಿಯ ಪ್ರತಿ ತೆಗೆಯಲಾಗದೆ ಆ ವಿಡಿಯೊದಲ್ಲಿ ಪರದಾಡಿದವರು ಯಾರು? 1975ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಕಂಪ್ಯೂಟರ್ ವಿಜ್ಞಾನಿ ಅಲೆನ್ ನ್ಯೂವೆಲ್ ಮತ್ತು ಭಾಷಾವಿಜ್ಞಾನಿ ರಾನ್ ಕ್ಯಾಪ್ಲಾನ್. ಅವರನ್ನು ದಡ್ಡರೆನ್ನುವ ಧೈರ್ಯ ಯಾವ ಎಂಜಿನಿಯರಿಗಿದ್ದೀತು?

ತಪ್ಪು ಕಲ್ಪನೆ: ಸಾವಿರಾರು ಜನರಿಲ್ಲದೆ ಅಧ್ಯಯನವಿಲ್ಲ.

ಸತ್ಯ: ಒಂದೇ ಬಗೆಯ ಬಳಕೆದಾರರಾದರೆ ಐವರನ್ನು ಗಮನಿಸಿದರೂ ಬಳಕೆಯ ತೊಡಕುಗಳಲ್ಲಿ ಸುಮಾರು ಶೇ. 85ರಷ್ಟು ಸಿಗುತ್ತವೆಂದು ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದರು. ತೊಡಕು ಹುಡುಕಲು ಐವರು ಸಾಕು. ಅದು ಎಷ್ಟು ಮಂದಿಗಿದೆ ಎಂದು ಎಣಿಸಲು ಸಾಲದು. ಈ ವ್ಯತ್ಯಾಸ ಮರೆತು ಐದನ್ನೇ ಮಂತ್ರ ಮಾಡಿಕೊಂಡವರೂ ಉಂಟು.

ತಪ್ಪು ಕಲ್ಪನೆ: ಕ್ರಮಬದ್ಧ ಅಧ್ಯಯನವಿಲ್ಲದೆ ಒಳ್ಳೆಯ ವಸ್ತು ಹುಟ್ಟುವುದೇ ಇಲ್ಲ.

ಸತ್ಯ: ಜೈಪುರ ಕಾಲೆಂಬ ಕೃತಕ ಕಾಲು ಹುಟ್ಟಿತಲ್ಲ! ಆಗಿನ ವಿದೇಶಿ ಮಾದರಿಯ ಕೃತಕ ಪಾದಕ್ಕೆ ಬೂಟು ಬೇಕಿತ್ತು. ಅದನ್ನು ಕಟ್ಟಿಕೊಂಡು ಚಕ್ಕಳಮಕ್ಕಳ ಹಾಕುವುದಾಗಲಿ, ಕುಕ್ಕರಗಾಲಲ್ಲಿ ಕೂರುವುದಾಗಲಿ, ಕೆಸರುಗದ್ದೆಗೆ ಬರಿಗಾಲಲ್ಲಿ ಇಳಿಯುವುದಾಗಲಿ ಆಗುತ್ತಿರಲಿಲ್ಲ. ಇದನ್ನು ಕಂಡ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ 1960ರ ದಶಕದ ಕೊನೆಗೆ ರಬ್ಬರ್ ಪಾದ ರೂಪಿಸಿದರು. ಅವರಿಗೆ ಬಳಸುವವರು ಆಸ್ಪತ್ರೆಯಲ್ಲೇ ಎದುರಿಗಿದ್ದರು. ಬೆಂಗಳೂರಿನ ಕಚೇರಿಯಲ್ಲಿ ಕೂತು ಕಾಣದ ಊರಿನ ರೈತನಿಗೆ ಆ್ಯಪ್ ಮಾಡುವವರಿಗೆ ಆ ಅನುಕೂಲವಿಲ್ಲ. ಯಾರು ಹೋಗಿ ನೋಡಬೇಕು, ಏನನ್ನು ಬರೆದುಕೊಳ್ಳಬೇಕು ಎಂದು ಮೊದಲೇ ಗೊತ್ತುಮಾಡಿ ದುಡ್ಡು, ದಿನ ಎತ್ತಿಡಬೇಕಾದದ್ದು ಇಂಥ ಕಡೆ.